ಟ್ಯಾಬ್ಲೆಟ್ ಮಕ್ಕಳ ಕೈಯಲ್ಲಿ, ಬೀಗದ ಕೈ ಯಾರ ಬಳಿ?

ನಮ್ಮ ಕಾಲದಲ್ಲಿ ಟ್ಯಾಬ್ಲೆಟ್ ಎಂದರೆ ಡಾಕ್ಟರು ಬರೆದುಕೊಡುತ್ತಿದ್ದ ಮಾತ್ರೆ. ಈಗ ಮಕ್ಕಳ ಸ್ಲೇಟು, ಪುಸ್ತಕ, ಆಟದ ಮೈದಾನ ಎಲ್ಲವೂ ಅದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶಾಲೆಗಳು ಮುಚ್ಚಿದಾಗ ಅದು ನಮ್ಮ ಮನೆ ಹೊಕ್ಕಿತು. ಶಾಲೆಗಳು ತೆರೆದವು, ಅದು ಮಾತ್ರ ಹೊರಗೆ ಹೋಗಲಿಲ್ಲ. ಹೋಂವರ್ಕ್ ಅದರಲ್ಲಿ, ಪ್ರಾಜೆಕ್ಟ್ ಅದರಲ್ಲಿ, ಟೀಚರ ನೋಟೀಸೂ ಅದರಲ್ಲೇ. ನಿಮ್ಮ ಮನೆಯಲ್ಲೂ ಇದೇ ಕತೆ ಇರಬಹುದು. ಆದ್ದರಿಂದಲೇ ನಮ್ಮ ಮನೆಯಲ್ಲಿ ನಡೆದದ್ದನ್ನು ಸಂಕೋಚ ಬಿಟ್ಟು ನಿಮಗೆ ಹೇಳುತ್ತಿದ್ದೇನೆ.

ಮಗಳು ಬೆಳಿಗ್ಗೆ ಎಂಟರ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ ಏಳೂವರೆಗೆ. ಅಳಿಯನದು ಊರೂರು ಸುತ್ತುವ ಕೆಲಸ. ಐದನೇ ತರಗತಿಯ ಮೊಮ್ಮಗ ಇಡೀ ಸಂಜೆ ನನ್ನ ಸುಪರ್ದಿನಲ್ಲಿ. ಮಗಳು ಅವನ ಟ್ಯಾಬ್ಲೆಟ್‌ಗೆ ಗೂಗಲ್‌ನವರ ಫ್ಯಾಮಿಲಿ ಲಿಂಕ್ ಹಾಕಿದ್ದಳು. ದಿನಕ್ಕೆ ಇಷ್ಟೇ ಹೊತ್ತು, ರಾತ್ರಿ ಒಂಬತ್ತಕ್ಕೆ ಬಂದ್, ಹೊಸ ಆ್ಯಪ್ ಬೇಕಾದರೆ ಹಿರಿಯರ ಒಪ್ಪಿಗೆ, ಹೀಗೆ ಎಲ್ಲಕ್ಕೂ ಕಟ್ಟು ಹಾಕಬಹುದು. ಆಫೀಸಿನಲ್ಲಿದ್ದಾಗ ತನಗೆ ನೋಡಲಾಗದೆಂದು ನನ್ನ ಫೋನಿಗೂ ಅದನ್ನು ಹಾಕಿ, "ಅಮ್ಮ, ಇನ್ನು ನೀನೂ ಒಬ್ಬ ಪೇರೆಂಟ್" ಎಂದಳು. ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು. ಆದರೆ ಸೆಟ್ಟಿಂಗ್ಸ್‌ನೊಳಗಿನ ಆ ಇಂಗ್ಲಿಷನ್ನು ನನಗೆ ಯಾವ ಪ್ರೊಫೆಸರೂ ಕಲಿಸಿರಲಿಲ್ಲ. ಒಂದೇ ಗುಂಡಿ ಚೆನ್ನಾಗಿ ಗೊತ್ತಾಯಿತು. ಅದರ ಹೆಸರು ಬೋನಸ್ ಟೈಮ್. ಒತ್ತಿದರೆ ಮಕ್ಕಳಿಗೆ ಹೆಚ್ಚಿನ ಸಮಯ ಸಿಗುತ್ತದೆ.

ಒಂದು ದಿನ ಬೆಳಿಗ್ಗೆ ನೋಡಿದರೆ, ರಾತ್ರಿ ಪೂರ್ತಿ ಚಾರ್ಜ್ ಆಗಿದ್ದ ಟ್ಯಾಬ್ಲೆಟ್ ಸತ್ತು ಬಿದ್ದಿದೆ. ಬ್ಯಾಟರಿ ಕೆಟ್ಟಿತೆಂದು ತಿಳಿದು ಮಗಳಿಗೆ ಹೇಳಿದೆ. ಅವಳು ಫೋನಿನಲ್ಲಿ ನೋಡಿದಳು. ಯಾವ ಆ್ಯಪನ್ನು ಎಷ್ಟು ಹೊತ್ತು ತೆರೆದಿತ್ತೆಂದು ಅದರಲ್ಲಿ ಲೆಕ್ಕ ಇರುತ್ತದೆ. ಹಿಂದಿನ ದಿನ ಯೂಟ್ಯೂಬ್ ಮೂರು ಗಂಟೆಗೂ ಮೇಲೆ! "ನಾನಂತೂ ಬೋನಸ್ ಕೊಟ್ಟಿಲ್ಲ. ನೀನು ಕೊಟ್ಟೆಯಾ ಅಮ್ಮ?" ಎಂದಳು. ನಾನೂ ಕೊಟ್ಟಿರಲಿಲ್ಲ. ಮೊಮ್ಮಗ ಮಲಗುವುದು ನನ್ನ ಪಕ್ಕದಲ್ಲಿ. ನನ್ನ ಫೋನಿನ ಲಾಕ್ ನಂಬರು ನಾನು ಹುಟ್ಟಿದ ಇಸವಿ. ನಾನು ನಿದ್ದೆಹೋದ ಮೇಲೆ ನನ್ನ ದಿಂಬಿನಡಿಯ ಫೋನು ತೆಗೆದು, ತನಗೆ ತಾನೇ ಬೋನಸ್ ಕೊಟ್ಟುಕೊಂಡಿದ್ದ.

ಮಗಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟ್ಯಾಬ್ಲೆಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆದರೆ ಅದೇ ವಾರ ವಿಜ್ಞಾನದ ಪ್ರಾಜೆಕ್ಟನ್ನು ಅದರಲ್ಲೇ ಕಳಿಸಬೇಕಿತ್ತು. ಎರಡನೇ ದಿನವೇ ಬೀಗ ತೆಗೆಯಬೇಕಾಯಿತು. ಹುಡುಗ ನಮ್ಮಿಬ್ಬರೊಡನೆಯೂ ಮಾತು ಬಿಟ್ಟಿದ್ದ. ಅಂದು ರಾತ್ರಿ ತಲೆ ಸವರುತ್ತ, "ಕದಿಯುವುದನ್ನು ಯಾರು ಕಲಿಸಿದರೋ ನಿನಗೆ?" ಎಂದೆ. "ಅಜ್ಜಿ, ನಾನು ಕೇಳಿದಾಗಲೆಲ್ಲ ನೀವೇ ಕೊಡುತ್ತಿದ್ದಿರಿ. ಅಮ್ಮನಿಗೆ ಹೇಳಬೇಡ ಅಂತಲೂ ಹೇಳುತ್ತಿದ್ದಿರಿ" ಎಂದ.

ಓದುಗರೇ, ಅವನು ಹೇಳಿದ್ದು ಸುಳ್ಳಲ್ಲ. ಸಂಜೆ ಅಡಿಗೆಯ ಹೊತ್ತಿಗೆ ಅವನು ಗೋಗರೆದರೆ ಅರ್ಧ ಗಂಟೆ ಒತ್ತಿಬಿಡುತ್ತಿದ್ದೆ. ಅವನಿಗೆ ಸಂತೋಷ, ನನಗೆ ನೆಮ್ಮದಿ. ಮಗಳಿಗೆ ತಿಳಿಸುತ್ತಿರಲಿಲ್ಲ. ಬೀಗ ಮುರಿದದ್ದು ಹುಡುಗನಲ್ಲ. ಕದ ತೆರೆದಿಟ್ಟವಳು ನಾನು. ಮರುದಿನ ಮಗಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಭಾನುವಾರ, ಮೂವರೂ ಕೂತು ಮಾತಾಡೋಣ" ಎಂದಳು. ಅಂದು ಕೂತು ಕಲಿತದ್ದರಲ್ಲಿ ನಿಮಗೆ ಉಪಯೋಗವಾಗುವುದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಮಗುವಿಗೆ ಮಗುವಿನದೇ ಖಾತೆ ಇರಲಿ, ಹುಟ್ಟಿದ ತಾರೀಕು ನಿಜವಾದದ್ದೇ ಇರಲಿ. ಕೆಲಸ ಬೇಗ ಮುಗಿಯಲೆಂದು ಅನೇಕರು ದೊಡ್ಡವರ ವಯಸ್ಸು ಹಾಕಿಬಿಡುತ್ತಾರೆ. ಆಗ ಯೂಟ್ಯೂಬ್ ಮಗುವನ್ನು ದೊಡ್ಡವನೆಂದೇ ತಿಳಿಯುತ್ತದೆ. ನಮ್ಮಲ್ಲಿ ಗೂಗಲ್ ಖಾತೆಯನ್ನು ಮಕ್ಕಳು ತಾವೇ ನಡೆಸಲು 13 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಖಾತೆ ಹಿರಿಯರ ಮೇಲ್ವಿಚಾರಣೆಯಲ್ಲಿರುತ್ತದೆ. ತೀರ ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಎಂದು ಬೇರೆಯೇ ಇದೆ. ಒಂಬತ್ತು ದಾಟಿದವರಿಗೆ ಮಾಮೂಲು ಯೂಟ್ಯೂಬನ್ನೇ ವಯಸ್ಸಿಗೆ ತಕ್ಕಂತೆ ಸೋಸಿ ಕೊಡುವ ಏರ್ಪಾಡು 2021ರಿಂದ ಇದೆ.

ಎರಡನೆಯದು, ಪಾಠವನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾವು ಮೊದಲು ಒಟ್ಟು ಒಂದೂವರೆ ಗಂಟೆ ಎಂದು ಹಾಕಿದ್ದೆವು. ಹೋಂವರ್ಕ್ ಕಳಿಸುವ ಹೊತ್ತಿಗೇ ಟ್ಯಾಬ್ಲೆಟ್ ಮುಚ್ಚಿಕೊಂಡು ಹುಡುಗ ಅಳುತ್ತಿದ್ದ, ನಾನು ಬೋನಸ್ ಒತ್ತುತ್ತಿದ್ದೆ. ಈ ದುರಭ್ಯಾಸ ಶುರುವಾದದ್ದೇ ಅಲ್ಲಿಂದ. ದಿನದ ಮಿತಿ ಮುಗಿದರೂ ಶಾಲೆಯ ಆ್ಯಪ್ ಮಾತ್ರ ತೆರೆದಿರುವಂತೆ ಫ್ಯಾಮಿಲಿ ಲಿಂಕ್‌ನಲ್ಲಿ ಮಾಡಬಹುದೆಂದು ಆಮೇಲೆ ತಿಳಿಯಿತು. ಆಟಕ್ಕೂ ವಿಡಿಯೋಗೂ ಬೇರೆ ಬೇರೆ ಮಿತಿ ಹಾಕಿ.

ಮೂರನೆಯದು, ಐಪ್ಯಾಡ್ ಇದ್ದವರಿಗೆ. ಅದರಲ್ಲಿ 2018ರಿಂದ ಸ್ಕ್ರೀನ್ ಟೈಮ್ ಎಂಬುದಿದೆ. ಅದರ ಪಾಸ್‌ಕೋಡ್ ಬೇರೆ, ಐಪ್ಯಾಡ್ ತೆರೆಯುವ ಪಾಸ್‌ಕೋಡ್ ಬೇರೆ. ಎರಡಕ್ಕೂ ಒಂದೇ ನಂಬರು ಇಟ್ಟರೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಚಿಕ್ಕ ಮಗು ಒಂದೇ ಆ್ಯಪಿನಲ್ಲಿ ಕೂರಬೇಕಾದರೆ ಐಪ್ಯಾಡಿನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ.

ನಾಲ್ಕನೆಯದು ನನ್ನಂಥ ಅಜ್ಜಿಯರಿಗೆ. ಫೋನಿನ ನಂಬರು ಹುಟ್ಟಿದ ಇಸವಿ, ಮನೆ ನಂಬರು, 1234 ಯಾವುದೂ ಬೇಡ. ಮಕ್ಕಳೆದುರು ಒತ್ತಲೂ ಬೇಡ. ಅವರ ಕಣ್ಣು ನಮ್ಮ ಬೆರಳಿಗಿಂತ ಚುರುಕು.

ಇನ್ನು ಕೆಲವು ಶಾಲೆಗಳು ತಾವೇ ಟ್ಯಾಬ್ಲೆಟ್ ಕೊಡುತ್ತವೆ. ಅದರ ಕಟ್ಟುಪಾಡು ಶಾಲೆಯವರ ಕೈಯಲ್ಲಿರುತ್ತದೆ, ನಮ್ಮ ಬೀಗ ಅದಕ್ಕೆ ಹಿಡಿಯದೆ ಇರಬಹುದು. ಪಾಲಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಏನನ್ನು ತಡೆದಿದ್ದೀರಿ? ಮನೆಗೆ ತಂದ ಮೇಲೂ ಆ ತಡೆ ಇರುತ್ತದೆಯೇ? ಮಗು ನೋಡಿದ್ದನ್ನು ಯಾರು ಗಮನಿಸುತ್ತಾರೆ? ಕೇಳಲು ನಾಚಿಕೆ ಬೇಡ. ಎಷ್ಟು ಹೊತ್ತು ಎಂಬ ಪ್ರಶ್ನೆಗೂ ಆಧಾರವಿದೆ. 2020ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯಲ್ಲಿ, ಒಂದರಿಂದ ಎಂಟನೇ ತರಗತಿಯವರಿಗೆ ಆನ್‌ಲೈನ್ ಪಾಠ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಮೀರಬಾರದೆಂದು ಹೇಳಿತ್ತು. ಲಾಕ್‌ಡೌನಿನಲ್ಲೇ ಅಷ್ಟು ಸಾಕಾಗಿದ್ದರೆ, ಶಾಲೆಗೆ ಹೋಗಿ ಬಂದ ಮಗುವಿಗೆ ಎಷ್ಟು ಬೇಕೆಂದು ನೀವೇ ಯೋಚಿಸಿ.

ಒಂದು ಮಾತು ಮರೆಯಬೇಡಿ. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದರೆ, ಅಪರಿಚಿತರು ಮಾತಿಗೆಳೆದರೆ, ಬಂದು ಹೇಳಿದ್ದಕ್ಕೆ ಟ್ಯಾಬ್ಲೆಟ್ ಕಸಿಯುವುದಿಲ್ಲ ಎಂಬ ಭರವಸೆ ಮಗುವಿಗಿರಲಿ. ಪೆಟ್ಟಿನ ಭಯವಿದ್ದರೆ ಅದು ಯಾರಿಗೂ ಹೇಳುವುದಿಲ್ಲ. ಸಂಕಟದಲ್ಲಿರುವ ಮಕ್ಕಳಿಗೆ 1098, ಆನ್‌ಲೈನಿನಲ್ಲಿ ಹಣ ಹೋದರೆ 1930, ಈ ಎರಡು ನಂಬರುಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಈಗ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಟ್ಯಾಬ್ಲೆಟ್ ಜೊತೆಗೆ ನನ್ನ ಫೋನೂ ಮಗಳ ಫೋನೂ ಹಾಲಿನ ಮೇಜಿನ ಮೇಲೆ ಚಾರ್ಜಿಗೆ ಹೋಗುತ್ತವೆ. ಇದು ಮೊಮ್ಮಗನ ಷರತ್ತು. ನ್ಯಾಯವೆಂದು ಇಬ್ಬರೂ ಒಪ್ಪಿದೆವು. ಬೋನಸ್ ಕೊಟ್ಟರೆ ಮಗಳಿಗೆ ಅಂದೇ ತಿಳಿಸುತ್ತೇನೆ. ಗಲಾಟೆ ಪೂರ್ತಿ ನಿಂತಿದೆ ಎಂದರೆ ಸುಳ್ಳಾದೀತು, ಕ್ರಿಕೆಟ್ ಮ್ಯಾಚ್ ಇದ್ದ ದಿನ ಈಗಲೂ ಜಗಳವಿದೆ. ಆದರೆ ಮೊನ್ನೆ ಹುಡುಗ ತಾನಾಗಿಯೇ ಬಂದು, "ಅಜ್ಜಿ, ನಿಮ್ಮ ಹೊಸ ನಂಬರೂ ನನಗೆ ಗೊತ್ತಾಗಿದೆ, ಬದಲಾಯಿಸಿಬಿಡಿ" ಎಂದ. ನಂಬರು ಬದಲಾಯಿಸಿದೆ. ಅಂದು ಅವನಿಗೆ ಇಷ್ಟವೆಂದು ಗೋಳಿಬಜೆ ಮಾಡಿದೆ. ಅಂಥ ಬೋನಸ್‌ಗೆ ಯಾರ ಒಪ್ಪಿಗೆಯೂ ಬೇಕಿಲ್ಲ ನೋಡಿ.