ಬೆನ್ನಚೀಲದೊಳಗಿನ ತೆಪ್ಪ

ನಿರ್ಜನವಾದ ಗಿರಿಕಾನನಗಳಲ್ಲಿ ದಿನಗಟ್ಟಲೆ ಪಾದಯಾತ್ರೆಯನ್ನು ಕೈಗೊಳ್ಳುವವನಿಗೆ ಏರುದಾರಿಗಿಂತಲೂ ಹೆಚ್ಚಿನ ವಿಘ್ನವನ್ನು ಒಡ್ಡುವುದು ನದಿ. ಬೆಟ್ಟವನ್ನು ಉಸಿರು ಬಿಗಿಹಿಡಿದು ಹತ್ತಬಹುದು, ದಟ್ಟವಾದ ಕಾಡನ್ನು ಬಳಸಿಕೊಂಡು ಹೋಗಬಹುದು. ಆದರೆ ಸೇತುವೆಯಾಗಲಿ ಅಂಬಿಗನಾಗಲಿ ಇಲ್ಲದ ಎಡೆಯಲ್ಲಿ ತುಂಬಿದ ಹೊಳೆಯೊಂದು ಅಡ್ಡಲಾಗಿ ಹರಿಯುತ್ತಿದ್ದರೆ, ನೀರು ತೆಳುವಾಗುವ ತಾಣವನ್ನು ಅರಸುತ್ತ ಮೂಲದ ಕಡೆಗೆ ನಡೆಯಬೇಕು, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕು. ಇವೆರಡನ್ನುಳಿದು ಮೂರನೆಯ ಉಪಾಯವೊಂದನ್ನು ಕಲ್ಪಿಸಿದ ಸಾಧನವೇ ಪ್ಯಾಕ್‌ರಾಫ್ಟ್: ಗಾಳಿ ತೆಗೆದು ಸುತ್ತಿದರೆ ಬೆನ್ನಚೀಲದಲ್ಲಿ ಅಡಗುವ, ಗಾಳಿ ತುಂಬಿದರೆ ಯಾತ್ರಿಕನನ್ನೂ ಅವನ ಚೀಲವನ್ನೂ ಹೊತ್ತು ತೇಲುವ ಒಂದಾಳಿನ ತೆಪ್ಪ.

ಈ ಕಲ್ಪನೆ ಇಂದು ನಿನ್ನೆಯದಲ್ಲ. 1840ರ ದಶಕದಲ್ಲಿ ಬ್ರಿಟಿಷ್ ನೌಕಾದಳದ ಲೆಫ್ಟಿನೆಂಟ್ ಪೀಟರ್ ಹಾಲ್ಕೆಟ್ ಎಂಬಾತನು ರಬ್ಬರು ಲೇಪಿಸಿದ ಮ್ಯಾಕಿಂಟಾಷ್ ಬಟ್ಟೆಯಿಂದ ವಿಚಿತ್ರವಾದ ಒಂದು ನಿಲುವಂಗಿಯನ್ನು ರಚಿಸಿದನು. ಮಳೆಯಲ್ಲಿ ಅದು ಹೊದೆಯುವ ಮೇಲುಡುಗೆ. ನದೀತೀರದಲ್ಲಿ ಕಿರುತಿದಿಯಿಂದ ಗಾಳಿಯೂದಿದರೆ ದೋಣಿ. ಊರುಗೋಲಿಗೆ ಅಲಗೊಂದನ್ನು ಸಿಕ್ಕಿಸಿದರೆ ಹುಟ್ಟು. ಕೊಡೆಯನ್ನು ಬಿಚ್ಚಿ ಹಿಡಿದರೆ ಹಾಯಿ. ನೌಕಾದಳದ ಹಿರಿಯರು ಯುಕ್ತಿಯನ್ನು ಮೆಚ್ಚಿ, ಅದರಿಂದ ತಮಗೆ ಪ್ರಯೋಜನವನ್ನು ಕಾಣದೆ, ಅವನನ್ನು ಮರ್ಯಾದೆಯಿಂದಲೇ ಸಾಗಹಾಕಿದರು. (ಹೊಸತನ್ನು ಹೊಗಳಿ ಬದಿಗಿರಿಸುವ ವಿದ್ಯೆಯಲ್ಲಿ ಎಲ್ಲ ದೇಶದ ಕಚೇರಿಗಳೂ ನಿಪುಣವೆಂದು ತೋರುತ್ತದೆ.) ಆದರೆ ಹಡ್ಸನ್ಸ್ ಬೇ ಕಂಪೆನಿಯ ವೈದ್ಯನೂ ಆರ್ಕ್ಟಿಕ್ ಪ್ರದೇಶದ ಅನ್ವೇಷಕನೂ ಆಗಿದ್ದ ಜಾನ್ ರೇ 1846ರ ತನ್ನ ಯಾತ್ರೆಗೆ ಇಂಥದೊಂದನ್ನು ಕೊಂಡೊಯ್ದು ಅದರ ಉಪಯುಕ್ತತೆಯನ್ನು ಪ್ರಶಂಸಿಸಿದನು. ಹಾಲ್ಕೆಟನ ದೋಣಿಯೊಂದನ್ನು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಸ್ಟ್ರಾಮ್ನೆಸ್ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು.

ಆಧುನಿಕ ತೆಪ್ಪದ ತವರು ಅಲಾಸ್ಕ. ದಾರಿಗಳೇ ವಿರಳವಾಗಿರುವ, ಹಿಮರಾಶಿ ಕರಗಿ ಬೂದಿಬಣ್ಣದ ನೀರು ನೂರಾರು ಕವಲುಗಳಾಗಿ ಹರಡಿಕೊಳ್ಳುವ ಆ ನಾಡಿನಲ್ಲಿ, 1982ರಲ್ಲಿ ಹೋಪ್ ಎಂಬ ಊರಿನಿಂದ ಹೋಮರ್ ಎಂಬ ಊರಿನವರೆಗೆ, ಸುಮಾರು 240 ಕಿಲೋಮೀಟರುಗಳ ಕಾಡುದಾರಿಯ ಸ್ಪರ್ಧೆಯೊಂದು ನಡೆಯಿತು. ತರುಣರು ತಣ್ಣೀರ ಹೊಳೆಯೊಂದನ್ನು ಈಜುವುದು ಹೇಗೆಂದು ದಡದಲ್ಲಿ ಚಿಂತಿಸುತ್ತಿರಲು, 55 ವರ್ಷದ ಡಿಕ್ ಗ್ರಿಫಿತ್ ತನ್ನ ಚೀಲದಿಂದ ಗಾಳಿದೋಣಿಯೊಂದನ್ನು ತೆಗೆದು, ಊದಿ, ಕುಳಿತು ದಾಟಿಹೋದನು. ಆ ತರುಣರಲ್ಲಿ ಒಬ್ಬನಾಗಿದ್ದ ರೋಮನ್ ಡಯಲ್ ಮುಂದೆ ಪ್ರಾಧ್ಯಾಪಕನಾಗಿ, 2008ರಲ್ಲಿ ಈ ವಿದ್ಯೆಯನ್ನು ಕುರಿತು ಒಂದು ಕೈಪಿಡಿಯನ್ನೇ ಬರೆದನು. ಅಷ್ಟರಲ್ಲಿ, ಹಿಂದೆ ಸ್ಕೀ ಉಡುಪುಗಳನ್ನು ಹೊಲಿಯುತ್ತಿದ್ದ ಶೆರಿ ಟಿಂಗಿ ಎಂಬಾಕೆ, ಬ್ರೂಕ್ಸ್ ಪರ್ವತಶ್ರೇಣಿಯ ದೀರ್ಘಯಾತ್ರೆಯಿಂದ ಮರಳಿದ ಮಗನ ಬೇಡಿಕೆಯ ಮೇರೆಗೆ ಗಟ್ಟಿಮುಟ್ಟಾದ ತೆಪ್ಪಗಳನ್ನು ರಚಿಸಲು ತೊಡಗಿ, ಆಲ್ಪಾಕಾ ಎಂಬ ಉದ್ಯಮವನ್ನು ಕಟ್ಟಿದ್ದಳು.

ಇಂಥ ತೆಪ್ಪವನ್ನು ಕೊಳ್ಳಹೊರಟವನು ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಈ ಯಾತ್ರೆಯಲ್ಲಿ ತೆಪ್ಪವನ್ನು ನಾನು ಎಷ್ಟು ದೂರ ಹೊರಬೇಕು, ನನ್ನನ್ನು ತೆಪ್ಪ ಎಷ್ಟು ದೂರ ಹೊರಬೇಕು? ಉಳಿದ ಲಕ್ಷಣಗಳೆಲ್ಲ, ಅಂದರೆ ಬಟ್ಟೆಯ ದಪ್ಪ, ಗಾಳಿ ತುಂಬುವ ಹೊರಗೊಳವೆಯ ವ್ಯಾಸ, ಉದ್ದ, ಮುಚ್ಚಳ ಮೊದಲಾದುವು, ಈ ಒಂದು ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ.

ತೇಲುವ ಶಕ್ತಿಯ ವಿಚಾರದಲ್ಲಿ ಯಾರೂ ಚಿಂತಿಸಬೇಕಾದುದಿಲ್ಲ. ಸಾಮಾನ್ಯವಾದ ತೆಪ್ಪದ ಹೊರಗೊಳವೆ ಸುಮಾರು 28 ಸೆಂಟಿಮೀಟರ್ ವ್ಯಾಸದ್ದು, ಸುತ್ತಳತೆಯಲ್ಲಿ ಐದು ಮೀಟರಿಗೆ ಸಮೀಪದ್ದು; ಲೆಕ್ಕ ಹಾಕಿದರೆ ಅದರೊಳಗೆ ಹಿಡಿಯುವ ಗಾಳಿ 300 ಲೀಟರಿನಷ್ಟಾಗುತ್ತದೆ. ಆರ್ಕಿಮಿಡೀಸನ ನಿಯಮದಂತೆ ಕೊಳವೆ ಪೂರ್ಣವಾಗಿ ಮುಳುಗಬೇಕಾದರೆ 300 ಕಿಲೋಗ್ರಾಮಿನಷ್ಟು ಭಾರ ಬೇಕು. ಆಳೂ ಹೊರೆಯೂ ಸೇರಿದರೂ ಅದರ ಅರ್ಧವನ್ನು ಮುಟ್ಟುವುದು ಅಪರೂಪ. ನಿಜವಾದ ಸಮಸ್ಯೆ ಬಿಗಿತದ್ದು. ಎಲುಬಿಲ್ಲದ ಈ ದೋಣಿಗೆ ಒಳಗಿನ ಒತ್ತಡವೇ ಎಲುಬು. ಆ ಒತ್ತಡ ಅತ್ಯಲ್ಪವಾದುದು. ತೆಳುಬಟ್ಟೆಯ ದೊಡ್ಡ ಚೀಲವೊಂದರಲ್ಲಿ ಗಾಳಿಯನ್ನು ಹಿಡಿದು, ಬಾಯಿಕಟ್ಟಿ, ಹಿಂಡಿ ತೆಪ್ಪದೊಳಕ್ಕೆ ತಳ್ಳುತ್ತಾರೆ. ಕಡೆಯಲ್ಲಿ ಬಾಯಿಂದ ಊದಿ ಬಿಗಿಗೊಳಿಸುತ್ತಾರೆ. ಇಷ್ಟರಿಂದ ದೊರೆಯುವುದು ಹೊರಗಿನ ವಾಯುಭಾರಕ್ಕಿಂತ ಹತ್ತನೆಯ ಒಂದಂಶದಷ್ಟು ಹೆಚ್ಚಿನ ಒತ್ತಡವಷ್ಟೆ.

ಈಗ ದಡದ ಬಿಸಿಲಿನಲ್ಲಿ, 30 ಡಿಗ್ರಿ ಸೆಲ್ಸಿಯಸಿನಲ್ಲಿ ಊದಿದ ತೆಪ್ಪವನ್ನು 10 ಡಿಗ್ರಿಯ ಹೊಳೆಗೆ ಇಳಿಸಿದೆವೆನ್ನೋಣ. ಅನಿಲದ ಒತ್ತಡ ನಿರಪೇಕ್ಷ ಉಷ್ಣತೆಯನ್ನು ಅನುಸರಿಸುವುದರಿಂದ ಉಷ್ಣತೆ 303 ಕೆಲ್ವಿನ್‌ನಿಂದ 283ಕ್ಕೆ ಇಳಿದಾಗ ಒತ್ತಡವೂ ಅದೇ ಪ್ರಮಾಣದಲ್ಲಿ, ಅಂದರೆ ನೂರಕ್ಕೆ ಆರೂವರೆಯಷ್ಟು, ಇಳಿಯುತ್ತದೆ. ನೋಡುವುದಕ್ಕೆ ಇದು ಅಲ್ಪವೇ. ಆದರೆ ಇಳಿಯುವುದು ಒಟ್ಟು ಒತ್ತಡ. ಹೊರಗಿನ ವಾಯುಭಾರವನ್ನು 100 ಎಂದು ಎಣಿಸಿದರೆ ಒಳಗಿನ 110 ಈಗ 103ರ ಆಸುಪಾಸಿಗೆ ಬಂದು ನಿಲ್ಲುವುದು, ತೆಪ್ಪವನ್ನು ನೆಟ್ಟಗೆ ನಿಲ್ಲಿಸಿದ್ದ ಹತ್ತರಲ್ಲಿ ಏಳು ಪಾಲು ಕಳೆದುಹೋಗುವುದು. ದಡದಲ್ಲಿ ಮೃದಂಗದಂತೆ ಬಿಗಿಯಾಗಿದ್ದ ತೆಪ್ಪ ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಸೊರಗಿ ಮಡಿಚಿಕೊಳ್ಳತೊಡಗಲು ತೂತು ಕಾರಣವಲ್ಲ, ಈ ಭೌತನಿಯಮ ಕಾರಣ. ಬಲ್ಲವರು ತೆಪ್ಪಕ್ಕೆ ನೀರೆರಚಿ ತಣಿಸಿ ಮತ್ತೊಮ್ಮೆ ಊದುತ್ತಾರೆ. ಆದುದರಿಂದ ಕುಳಿತಲ್ಲಿಂದಲೇ ಕೈಗೆಟಕುವ ಊದುಗೊಳವೆ ಇದೆಯೇ ಎಂಬುದನ್ನು ಕೊಳ್ಳುವಾಗಲೇ ನೋಡತಕ್ಕದ್ದು. ವಿಪರೀತವೂ ಅಷ್ಟೇ ಸತ್ಯ: ಬಿಗಿಯಾಗಿ ಊದಿದ ತೆಪ್ಪವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಬಿಟ್ಟು ಊಟಕ್ಕೆ ಕುಳಿತರೆ ಅದರ ಕೂಡುಗೆರೆಗಳಿಗೆ ಅಪಾಯ.

ಆಕಾರದ ವಿಚಾರವೂ ಸ್ವಾರಸ್ಯವಾದುದು. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರು ಬಲ್ಲರು, ದುಂಡಾದ ದೋಣಿಗೆ ಮುಖವೆಂಬುದಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಮುಂದಕ್ಕೆ ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ಮೊದಮೊದಲಿನ ಪ್ಯಾಕ್‌ರಾಫ್ಟುಗಳು ಹರಿಗೋಲಿನಷ್ಟು ದುಂಡಲ್ಲದಿದ್ದರೂ ಗಿಡ್ಡವಾಗಿ, ಎರಡು ತುದಿಗಳಲ್ಲೂ ಒಂದೇ ಅಳತೆಯವಾಗಿದ್ದುವು. ಕುಳಿತವನ ಬೆನ್ನು ಹಿಂಗೊಳವೆಗೆ ಒರಗುತ್ತಿದ್ದುದರಿಂದ ಭಾರವೆಲ್ಲ ಹಿಂದೆ ಬಿದ್ದು, ಮುಂಭಾಗ ಮೇಲೆದ್ದು, ಹುಟ್ಟಿನ ಪ್ರತಿ ಎಳೆತಕ್ಕೂ ಮೂತಿ ಅತ್ತಿತ್ತ ಓಲಾಡುತ್ತಿತ್ತು. ಅನಂತರ ವಿನ್ಯಾಸಕರು ಹಿಂಭಾಗವನ್ನು ಚೂಪಾಗಿ ನೀಳಗೊಳಿಸಿ ಅಲ್ಲಿಯ ತೇಲುಶಕ್ತಿಯನ್ನು ಹೆಚ್ಚಿಸಿದಾಗ, ಕುಳಿತವನು ದೋಣಿಯ ನಡುವಿಗೆ ಬಂದನು, ಮೂತಿ ನೀರಿಗೆ ಇಳಿಯಿತು, ಓಲಾಟ ತಗ್ಗಿತು. ಅದೇ ತೂಕದ ಬಟ್ಟೆಯಲ್ಲಿ, ಆಕಾರದ ಬದಲಾವಣೆ ಮಾತ್ರದಿಂದ ಸಾಧಿಸಿದ ಈ ಸುಧಾರಣೆಯನ್ನು ನಾನು ಈ ಸಾಧನದ ಇತಿಹಾಸದಲ್ಲೇ ಅತ್ಯುತ್ತಮವೆಂದು ಎಣಿಸುತ್ತೇನೆ.

ಇನ್ನು ಆಯ್ಕೆಯ ಮಾತು. ಹತ್ತು ದಿನ ನಡೆದು, ನಡುವೆ ಎರಡೋ ಮೂರೋ ಶಾಂತವಾದ ಹೊಳೆಗಳನ್ನು ದಾಟುವವನಿಗೆ, ಅಥವಾ ಬೆಟ್ಟದ ಮೇಲಿನ ಕೊಳದಲ್ಲಿ ಮೀನು ಹಿಡಿಯಬಯಸುವವನಿಗೆ, ಒಂದು ಕಿಲೋಗ್ರಾಮಿನ ಆಸುಪಾಸಿನ ಹಗುರವಾದ ತೆಪ್ಪ ಸಾಕು. ಅದರ ಬಟ್ಟೆ 70 ಡೆನಿಯರಿನ ಸುಮಾರಿನದು; 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್ ಎಂದು ಲೆಕ್ಕ. ಇಷ್ಟು ತೆಳುವಾದ ಬಟ್ಟೆ ಕಲ್ಲುಗಳೊಡನೆ ಸ್ನೇಹವನ್ನು ಸಹಿಸದು. ದಾಟುವುದಕ್ಕೆಂದು ಕೊಂಡ ತೆಪ್ಪದಲ್ಲಿ ನದಿಯನ್ನು ಇಳಿಯುವ ಆಸೆ ಹುಟ್ಟುವುದು ಮಾನವಸಹಜ. ಅನರ್ಥದ ಮೂಲ ಅಲ್ಲಿಯೇ.

ನಡಿಗೆಯೂ ನದಿಯೂ ಸಮಸಮವಾಗಿ ಬೆರೆತ ಯಾತ್ರೆಗಳು, ಎಂದರೆ ಕಣಿವೆಯೊಂದನ್ನು ನಡೆದು ಹತ್ತಿ ಮತ್ತೊಂದು ಕಣಿವೆಯ ಹೊಳೆಯಲ್ಲಿ ದಿನವಿಡೀ ತೇಲಿ ಇಳಿಯುವಂಥವು, ಈ ಸಾಧನದ ನಿಜವಾದ ಕ್ಷೇತ್ರ. ಇದಕ್ಕೆ ಎರಡೂವರೆಯಿಂದ ಮೂರೂವರೆ ಕಿಲೋಗ್ರಾಮಿನ, 210 ಡೆನಿಯರಿನ ಕೊಳವೆಯೂ ಅದಕ್ಕಿಂತ ಬಹಳ ದಪ್ಪವಾದ ತಳವೂ ಉಳ್ಳ ತೆಪ್ಪ ಬೇಕು. ಕಲ್ಲು ತುಂಬಿದ ತೆಳ್ನೀರಿನಲ್ಲಿ ಉಜ್ಜಿಕೊಳ್ಳುವುದು ತಳವಾದ್ದರಿಂದ ಉಳಿತಾಯವನ್ನು ಬೇರೆಲ್ಲಾದರೂ ಮಾಡಬಹುದು, ಅಲ್ಲಿ ಕೂಡದು. ಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ ಬಿರುನೀರೇ ಗುರಿಯಾದವರು ನಾಲ್ಕು ಕಿಲೋಗ್ರಾಮನ್ನೂ ಲೆಕ್ಕಿಸದೆ, ದೊಡ್ಡ ಕೊಳವೆಯ, ತೊಡೆಗಳನ್ನು ದೋಣಿಗೆ ಬಿಗಿಯುವ ಪಟ್ಟಿಗಳುಳ್ಳ ತೆಪ್ಪವನ್ನು ಆರಿಸುತ್ತಾರೆ. ಪಟ್ಟಿಯಿಂದಾಗಿ ದೇಹವೂ ದೋಣಿಯೂ ಒಂದಾಗಿ, ಸೊಂಟದ ಒಂದು ತಿರುವಿಗೆ ತೆಪ್ಪ ವಾಲುತ್ತದೆ, ಮಗುಚಿದರೆ ಮರಳಿ ನೆಟ್ಟಗಾಗಿಸಲೂ ಬರುತ್ತದೆ. ಆದರೆ ನಾಲ್ಕು ಕಿಲೋಗ್ರಾಮೆಂದರೆ ಐದಾರು ದಿನಗಳ ಒಣ ಆಹಾರ. ಆ ತೆಪ್ಪವನ್ನು ಹೊತ್ತು ಮೂರು ಕಣಿವೆಗಳನ್ನು ಏರಿಳಿದವನಿಗೆ ಈ ಸಮೀಕರಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಒಳಗೆ ನುಗ್ಗಿದ ನೀರನ್ನು ಏನು ಮಾಡುವುದು ಎಂಬಲ್ಲಿ ಎರಡು ಪಂಥಗಳಿವೆ. ಸೊಂಟದ ಸುತ್ತ ಬಿಗಿಯುವ ಬಟ್ಟೆಯ ಮುಚ್ಚಳದಿಂದ ನೀರನ್ನು ಹೊರಗೇ ತಡೆಯುವುದು ಒಂದು. ತಳದಲ್ಲಿ ರಂಧ್ರಗಳನ್ನಿಟ್ಟು, ಗಾಳಿ ತುಂಬಿದ ದಪ್ಪ ನೆಲಹಾಸಿನ ಮೇಲೆ ಕೂತು, ಬಂದ ನೀರು ತಾನಾಗಿ ಹೊರಹರಿಯುವಂತೆ ಮಾಡುವುದು ಇನ್ನೊಂದು. ಮುಚ್ಚಳ ಕಾಲುಗಳನ್ನು ಬೆಚ್ಚಗಿಡುತ್ತದೆ, ಆದರೆ ಮಗುಚಿದಾಗ ಅದರಿಂದ ಕಳಚಿಕೊಳ್ಳುವುದನ್ನು ಅಭ್ಯಾಸ ಮಾಡಿರಬೇಕು. ರಂಧ್ರದ ತಳ ಬೆಚ್ಚನೆಯ ನಾಡಿನ ನದಿಗಳಿಗೆ ಒಪ್ಪುತ್ತದೆ. ಹಿಮಜಲದಲ್ಲಿ ಸದಾ ಒದ್ದೆಯಾಗಿ ಕುಳಿತಿರುವುದು ಯಾರಿಗೂ ಹಿತವಲ್ಲ.

ಸಾಮಾನನ್ನು ಕೊಳವೆಯ ಒಳಗೇ ಇರಿಸುವಂತೆ ಗಾಳಿ ಸೋರದ ಜಿಪ್ಪನ್ನು ಅಳವಡಿಸಿದ್ದು ಮತ್ತೊಂದು ಚತುರ ಕಲ್ಪನೆ. ಮೂತಿಯ ಮೇಲೆ ಕಟ್ಟಿದ ಚೀಲ ಕಣ್ಣಿಗೆ ಅಡ್ಡವಾಗಿ, ಭಾರವನ್ನು ಮೇಲಕ್ಕೆ ಎಳೆಯುತ್ತದೆ. ಒಳಗೆ ಇಟ್ಟರೆ ಭಾರ ತಗ್ಗಿ ತೆಪ್ಪ ಸ್ಥಿರವಾಗುತ್ತದೆ. ಆದರೆ ಮರಳಿನ ಒಂದು ಕಣ ಹಲ್ಲುಗಳ ನಡುವೆ ಸಿಕ್ಕಿದರೂ ಜಿಪ್ಪು ಸೋರಬಹುದು, ನಡುಹೊಳೆಯಲ್ಲಿ ಹಸಿದರೆ ತಿಂಡಿಯ ಪೊಟ್ಟಣ ಕೈಗೆ ಸಿಕ್ಕದು. ಸೈಕಲ್ಲನ್ನು ಹೊತ್ತು ಸಾಗುವವರಿಗೆ ಮೂತಿಯೇ ಗತಿ. ಚಕ್ರಗಳನ್ನು ಬಿಚ್ಚಿ, ಚೂಪಾದ ಭಾಗಗಳಿಗೆ ಬಟ್ಟೆ ಸುತ್ತಿ, ಗಟ್ಟಿಯಾದ ಕುಣಿಕೆಗಳಿಗೆ ಬಿಗಿಯುತ್ತಾರೆ. ಅವರು ಕೊಳ್ಳುವಾಗ ಎಣಿಸಬೇಕಾದುದು ಕುಣಿಕೆಗಳನ್ನು.

ವಿಶಾಲವಾದ ಸರೋವರಗಳ ಬಗೆಗೆ ಒಂದು ಮಾತು ಹೇಳದೆ ವಿಧಿಯಿಲ್ಲ, ಏಕೆಂದರೆ ಹೊಸಬರು ಅವನ್ನೇ ನಿರಪಾಯವೆಂದು ಭಾವಿಸುತ್ತಾರೆ. ತೆಪ್ಪದ ಬಹುಭಾಗ ನೀರಿನ ಮೇಲೆಯೇ ಇರುವುದರಿಂದ ಗಾಳಿಗೆ ಅದು ಒಳ್ಳೆಯ ಹಾಯಿ. ನಿಶ್ಚಲ ಜಲದಲ್ಲಿ ಅದರ ವೇಗ ನಡಿಗೆಗಿಂತ ಹೆಚ್ಚಿನದಲ್ಲ, ಎದುರುಗಾಳಿಯೆದ್ದರೆ ಅದೂ ಇಲ್ಲ. ಮೇಲಾಗಿ ಬಹುಪಾಲು ತೆಪ್ಪಗಳ ಮುಖ್ಯ ಕೊಳವೆಗೆ ಒಂದೇ ಕೋಣೆ. ತೂತು ಬಿದ್ದರೆ ಗಾಳಿಯೆಲ್ಲ ಹೋಯಿತು. ಆದಕಾರಣ ಸರೋವರದಲ್ಲಿ ಎಂಥ ತೆಪ್ಪವಾದರೂ ದಡದ ಮಗ್ಗುಲಲ್ಲೇ ಸಾಗಬೇಕು.

ಅಂಗಡಿಯವರು ತೆಪ್ಪದ ತೂಕವನ್ನು ಮಾತ್ರ ಹೇಳುತ್ತಾರೆ. ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುವ ಹುಟ್ಟು ಒಂದು ಕಿಲೋಗ್ರಾಮಿಗೆ ಸಮೀಪ, ತೇಲುಜಾಕೆಟ್ಟು ಅರ್ಧಕ್ಕೂ ಮೇಲೆ, ತಣ್ಣೀರಿನ ನದಿಗಳಲ್ಲಿ ಅನಿವಾರ್ಯವಾದ ನೀರು ನುಗ್ಗದ ಉಡುಪು ಮತ್ತೂ ಒಂದು. ಹೊರೆ ಹೆಚ್ಚಿತೆಂದು ಜನ ಬಿಟ್ಟುಬರಲು ಯೋಚಿಸುವುದು ಈ ಮೂರರಲ್ಲಿ ಒಂದನ್ನು. ಅದಕ್ಕಿಂತ ತೆಪ್ಪವನ್ನೇ ಬಿಟ್ಟುಬಂದರೆ ಕ್ಷೇಮ. ಅನುಭವವೂ ಪೂರ್ಣ ರಕ್ಷೆಯಲ್ಲ: 2014ರಲ್ಲಿ ಅದೇ ಅಲಾಸ್ಕದ ಸ್ಪರ್ಧೆಯಲ್ಲಿ ಅನುಭವಶಾಲಿಯಾದ ಸ್ಪರ್ಧಿಯೊಬ್ಬನು ಟಾನಾ ನದಿಯಲ್ಲಿ ಪ್ರಾಣವನ್ನು ಕಳೆದುಕೊಂಡನು. 2021ರಲ್ಲಿ ಲೂಕ್ ಮೆಹ್ಲ್ ಎಂಬಾತನು ಪ್ರಕಟಿಸಿದ ಪ್ಯಾಕ್‌ರಾಫ್ಟ್ ಕೈಪಿಡಿಯಲ್ಲಿ ಸುರಕ್ಷತೆಗೆ ದೊರೆತಿರುವ ಸ್ಥಾನ ದೊಡ್ಡದು. ತೆಪ್ಪವನ್ನು ಕೊಳ್ಳುವ ಮೊದಲು ಕೊಳ್ಳಬೇಕಾದ ಪುಸ್ತಕವದು.

ಒಂದೇ ತೆಪ್ಪವನ್ನು ಕೊಳ್ಳುವ ಶಕ್ತಿಯುಳ್ಳವನಿಗೆ, ನಮ್ಮಲ್ಲಿ ಬಹುಮಂದಿ ಅಂಥವರೇ, ನಾನು ಸೂಚಿಸುವುದು ಮೂರು ಕಿಲೋಗ್ರಾಮಿನ ಮಧ್ಯಮ ಜಾತಿಯದನ್ನು, ಅದರಲ್ಲೂ ಮುಚ್ಚಳವನ್ನು ಬೇಡವೆಂದಾಗ ಕಳಚಿ ಮನೆಯಲ್ಲಿ ಬಿಡಬಹುದಾದುದನ್ನು. ಅಂಗಡಿಯಲ್ಲಿಯೇ ಊದಿಸಿ, ಒಳಗೆ ಕುಳಿತು ನೋಡಬೇಕು: ಪಾದಗಳು ಮುಂಗೊಳವೆಗೆ ಒತ್ತಬೇಕು, ಮಂಡಿಗಳು ತುಸು ಮಡಿಚಿರಬೇಕು. ಕಾಲು ಚಾಚಿ ಹಾಯಾಗಿ ಕುಳಿತುಕೊಳ್ಳುವಷ್ಟು ದೊಡ್ಡದಾದರೆ ಅದರ ಮುಂದಿನ ಚಿಕ್ಕ ಅಳತೆಯನ್ನು ಕೇಳಿ.