ಗೊರಕೆ ಸುಖನಿದ್ದೆಯ ಗುರುತಲ್ಲ

ಊರಿಗೆ ಹೊರಟ ರಾತ್ರಿ ಬಸ್ಸು ಪನ್ವೇಲ್ ದಾಟಿ ದೀಪ ಆರಿಸುತ್ತಿದ್ದಂತೆ ಎಲ್ಲೋ ಒಂದು ಸೀಟಿನಿಂದ ಗೊರಕೆ ಆರಂಭವಾಗುತ್ತದೆ. ಮೊದಲು ನಗು, ಆಮೇಲೆ ಗೊಣಗಾಟ, ಕೊನೆಗೆ "ಪುಣ್ಯವಂತ, ಹೇಗೆ ನಿದ್ದೆ ಮಾಡುತ್ತಾನೆ ನೋಡಿ" ಎಂಬ ಹೊಟ್ಟೆಕಿಚ್ಚಿನ ಮಾತು. ಮುಂಬಯಿಯ ನಮ್ಮವರಲ್ಲಿ ಈ ಅನುಭವ ಇಲ್ಲದವರು ವಿರಳ. ಆದರೆ ಹಾಗೆ ಗೊರಕೆ ಹೊಡೆಯುವವರು ನಿಜವಾಗಿಯೂ ಪುಣ್ಯವಂತರೇ?

ಉಪನಗರದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತ ನನ್ನ ಭಾವನವರನ್ನೂ ನಾವೆಲ್ಲ ಹಾಗೆಯೇ ತಿಳಿದಿದ್ದೆವು. ತಲೆದಿಂಬಿಗೆ ತಲೆ ತಾಗಿದರೆ ಸಾಕು, ಗೊರಕೆ. ಮಧ್ಯಾಹ್ನ ಗಲ್ಲಾದಲ್ಲಿ ಕುಳಿತಲ್ಲೇ ತೂಕಡಿಕೆ. ಬೋರಿವಲಿಯಲ್ಲಿ ಇಳಿಯಬೇಕಾದವರು ಎಷ್ಟೋ ಸಲ ವಿರಾರ್‌ನಲ್ಲಿ ಕಣ್ಣು ಬಿಟ್ಟದ್ದೂ ಉಂಟು. "ದುಡಿದ ಜೀವ, ಆಯಾಸ" ಎಂದು ಎಲ್ಲರೂ ಸುಮ್ಮನಾಗಿದ್ದೆವು. ಒಂದು ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಗೊರಕೆ ಕೇಳುವಾಗ ನನಗೆ ಹೆದರಿಕೆ ಇಲ್ಲ ಮಾರಾಯ. ಅದು ನಿಂತಾಗ ಹೆದರಿಕೆ. ಉಸಿರೇ ಇರುವುದಿಲ್ಲ. ನಾನು ಎದ್ದು ಕೂತು ಲೆಕ್ಕ ಮಾಡುತ್ತೇನೆ. ಮತ್ತೆ ಒಮ್ಮೆ ಗಕ್ಕನೆ ಉಸಿರು ಎಳೆದುಕೊಳ್ಳುತ್ತಾರೆ."

ಅಕ್ಕ ಹೇಳಿದ ಆ ನಾಲ್ಕು ಮಾತೇ ರೋಗದ ಅರ್ಧ ಪರೀಕ್ಷೆಯಾಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಮೂಗು ಒಂದು, ತೊಂದರೆ ಮೂರು

ಅಲರ್ಜಿ, ಸೈನಸ್, ಗೊರಕೆ ಇವನ್ನು ನಾವು ಮೂರು ಬೇರೆ ಬೇರೆ ಸಣ್ಣ ಕಾಯಿಲೆಗಳೆಂದು ಭಾವಿಸುತ್ತೇವೆ. ಸೀನಿಗೆ ಒಂದು ಮಾತ್ರೆ, ತಲೆನೋವಿಗೆ ಒಂದು ಮುಲಾಮು, ಗೊರಕೆಗೆ ಒಂದು ತಮಾಷೆ. ವಾಸ್ತವದಲ್ಲಿ ಇವು ಒಂದೇ ದಾರಿಯ ಮೂರು ತೊಡಕುಗಳು. ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ನಾಲ್ಕು ಜೊತೆ ಟೊಳ್ಳುಗಳಿವೆ: ಹಣೆಯಲ್ಲಿ, ಕೆನ್ನೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ. ಇವೇ ಸೈನಸ್. ಇವೆಲ್ಲವೂ ಸಣ್ಣ ಕಿಂಡಿಗಳ ಮೂಲಕ ಮೂಗಿನೊಳಗೆ ತೆರೆದುಕೊಳ್ಳುತ್ತವೆ. ಅಲರ್ಜಿಯಿಂದ ಮೂಗಿನ ಒಳಪದರ ಊದಿಕೊಂಡರೆ ಕಿಂಡಿ ಮುಚ್ಚುತ್ತದೆ, ಒಳಗಿನ ಲೋಳೆ ಹೊರಬರಲಾರದೆ ಸೈನಸ್ ಕೆಡುತ್ತದೆ. ಮೂಗು ಕಟ್ಟಿದವರು ರಾತ್ರಿ ಬಾಯಿಯಲ್ಲಿ ಉಸಿರಾಡುತ್ತಾರೆ, ಗೊರಕೆ ಹೆಚ್ಚುತ್ತದೆ. ಆದ್ದರಿಂದ ಎಲ್ಲಿ ಅಡ್ಡಿಯಾಗಿದೆ ಎಂದು ನೋಡದೆ ಕೊಡುವ ಚಿಕಿತ್ಸೆ ಫಲ ನೀಡುವುದು ಕಷ್ಟ.

ಮಹಾನಗರದ ಸೀನು

ಬೆಳಿಗ್ಗೆ ಎದ್ದೊಡನೆ ಸಾಲಾಗಿ ಹತ್ತು ಸೀನು, ಮೂಗಿನಲ್ಲಿ ನೀರು, ಕಣ್ಣು ತುರಿಕೆ, ಜ್ವರ ಮಾತ್ರ ಇಲ್ಲ. ಇದು ಶೀತವಲ್ಲ, ಅಲರ್ಜಿ. ಹಾಸಿಗೆ ದಿಂಬುಗಳಲ್ಲಿರುವ ಕಣ್ಣಿಗೆ ಕಾಣದ ಧೂಳುಹುಳ, ಮಳೆಗಾಲದಲ್ಲಿ ಸೋರುವ ಗೋಡೆಯ ಬೂಷ್ಟು, ಜಿರಳೆ ಇವು ಮುಂಬಯಿಯ ಮನೆಗಳಲ್ಲಿ ಸಾಮಾನ್ಯ ಕಾರಣಗಳು. ಅಗರಬತ್ತಿ, ಸೊಳ್ಳೆಬತ್ತಿಯ ಹೊಗೆ ಮತ್ತು ಕಟ್ಟಡ ಕಾಮಗಾರಿಯ ಧೂಳು ಅಲರ್ಜಿಯನ್ನು ಕೆರಳಿಸುತ್ತವೆ. ಪುಣೆ ಮತ್ತು ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಶತ್ರುವಿದೆ: ನಾವು ಕಾಂಗ್ರೆಸ್ ಗಿಡ ಎನ್ನುವ, ಮರಾಠಿಯವರು ಗಾಜರ್ ಗವತ್ ಎನ್ನುವ ಪಾರ್ಥೇನಿಯಂ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ದೇಶವಿಡೀ ಹಬ್ಬಿದೆ. ಅದರ ಪರಾಗ ಮೂಗಿಗೂ ಚರ್ಮಕ್ಕೂ ಕಾಟ ಕೊಡುತ್ತದೆ.

ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಗೋಡೆಯ ಸೋರಿಕೆಯನ್ನು ಸೊಸೈಟಿಯವರಿಂದ ಸರಿಪಡಿಸಿಕೊಳ್ಳುವುದು ಮೊದಲ ಚಿಕಿತ್ಸೆ. ಔಷಧಿಗಳಲ್ಲಿ ಹಳೆಯ ಕಾಲದ ಶೀತದ ಮಾತ್ರೆಗಳು ನಿದ್ದೆ ತರಿಸುತ್ತವೆ. ಟ್ಯಾಕ್ಸಿ, ಟೆಂಪೊ ಓಡಿಸುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಿದ್ದೆ ಕಡಿಮೆ ತರಿಸುವ ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಮಾತ್ರೆಗಳು ಈಗ ಇವೆ.

ಆದರೆ ವರ್ಷವಿಡೀ ಮೂಗು ಕಟ್ಟುವವರಿಗೆ ಮಾತ್ರೆಗಿಂತ ಹೆಚ್ಚು ಉಪಯುಕ್ತವಾದದ್ದು ಫ್ಲೂಟಿಕಾಸೋನ್, ಮೊಮೆಟಾಸೋನ್ ಮುಂತಾದ ಸ್ಟಿರಾಯ್ಡ್ ಸ್ಪ್ರೇ. ಸ್ಟಿರಾಯ್ಡ್ ಎಂಬ ಹೆಸರು ಕೇಳಿಯೇ ಹೆದರುವವರಿದ್ದಾರೆ. ಮೂಗಿಗೆ ಸಿಂಪಡಿಸುವ ಇವುಗಳಲ್ಲಿ ಔಷಧದ ಪ್ರಮಾಣ ಅತ್ಯಲ್ಪ, ರಕ್ತಕ್ಕೆ ಸೇರುವುದು ಇನ್ನೂ ಕಡಿಮೆ. ಇದರ ಪೂರ್ಣ ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹಾಕಿ "ಏನೂ ಪ್ರಯೋಜನವಿಲ್ಲ" ಎಂದು ಬಿಡುವುದೇ ನಾವು ಮಾಡುವ ತಪ್ಪು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಾಕಿಕೊಂಡರೆ ಔಷಧ ನಡುಗೋಡೆಗೆ ಬಡಿಯದೆ ಸರಿಯಾದ ಕಡೆ ತಲಪುತ್ತದೆ.

ಕಿಸೆಯಲ್ಲಿರುವ ಸಣ್ಣ ಬಾಟಲಿ

ಇದಕ್ಕೆ ತದ್ವಿರುದ್ಧವಾದದ್ದು ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ, ಹಾಕಿದೊಡನೆ ಮೂಗು ಬಿಡಿಸುವ ಹನಿ. ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಇರುವ ಈ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಬಾರದು. ಬಳಸುತ್ತಾ ಹೋದರೆ ಹನಿಯ ಪರಿಣಾಮ ಇಳಿದೊಡನೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಭಾವನವರ ಕಿಸೆಯಲ್ಲಿ ಪಾಸು, ಕನ್ನಡಕದ ಜೊತೆಗೆ ಈ ಬಾಟಲಿ ಆರು ವರ್ಷ ಇತ್ತು. ಹನಿಯೇ ರೋಗವಾಗಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಮಾರುತ್ತಿದ್ದ ಅಂಗಡಿಯವನೂ ಹೇಳಲಿಲ್ಲ.

ಎಲ್ಲ ತಲೆನೋವೂ ಸೈನಸ್ ಅಲ್ಲ

"ನನಗೆ ಸೈನಸ್ ಇದೆ" ಎನ್ನುವವರಲ್ಲಿ ಅನೇಕರಿಗೆ ಇರುವುದು ಮೈಗ್ರೇನ್ ತಲೆನೋವು. ಮೂಗು ಕಟ್ಟಿ, ಗಟ್ಟಿ ಸಿಂಬಳ ಬಂದು, ವಾಸನೆ ತಿಳಿಯದೆ, ಕೆನ್ನೆ ಹಣೆ ಭಾರವಾದರೆ ಅದು ಸೈನಸ್ ಇರಬಹುದು. ಶೀತದ ಜೊತೆ ಬರುವ ಸೈನಸ್ ಬಾಧೆ ಬಹುಪಾಲು ವೈರಸ್‌ನಿಂದ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕಾಗಿಲ್ಲ. ಹತ್ತು ದಿನ ದಾಟಿದರೂ ಇಳಿಯದಿದ್ದರೆ ಅಥವಾ ಇಳಿದಂತೆ ಕಂಡು ಮತ್ತೆ ಜೋರಾದರೆ ಮಾತ್ರ ವೈದ್ಯರು ಅದನ್ನು ಯೋಚಿಸುತ್ತಾರೆ. ಹನ್ನೆರಡು ವಾರ ಮೀರಿದ್ದು ದೀರ್ಘಕಾಲದ ಸೈನಸ್. ಅಂಥವರಿಗೆ ಮೂಗಿನೊಳಗೆ ದೂರದರ್ಶಕದ ಸಣ್ಣ ನಳಿಕೆ ಹಾಕಿ ನೋಡುವ ಎಂಡೋಸ್ಕೋಪಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಸರಳ ಮತ್ತು ಉತ್ತಮ ಉಪಾಯ. ಯೋಗ ತಿಳಿದವರಿಗೆ ಜಲನೇತಿ ಹೊಸದಲ್ಲ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚದಷ್ಟು ಅಯೋಡಿನ್ ಇಲ್ಲದ ಉಪ್ಪು ಸಾಕು. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿ ನೀರು ಖಂಡಿತ ಕೂಡದು. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಹೀಗೆ ಮೂಗು ತೊಳೆದ ಇಬ್ಬರು ಮಿದುಳಿಗೇರುವ ಅಮೀಬಾ ಸೋಂಕಿನಿಂದ ಸತ್ತರು.

ಔಷಧದಿಂದ ಗುಣವಾಗದಾಗ, ದುರ್ಮಾಂಸ ಬೆಳೆದಾಗ ಶಸ್ತ್ರಚಿಕಿತ್ಸೆಯ ಮಾತು. ಹಿಂದೆ ತುಟಿಯ ಒಳಗಿನಿಂದ ಕೆನ್ನೆಯ ಮೂಳೆ ಕೊರೆಯುತ್ತಿದ್ದರು. 1980ರ ದಶಕದಿಂದ ಎಂಡೋಸ್ಕೋಪ್ ಮೂಲಕ, ಹೊರಗೆ ಗಾಯವಿಲ್ಲದೆ, ಮುಚ್ಚಿದ ಕಿಂಡಿಗಳನ್ನಷ್ಟೇ ತೆರೆಯುವ ವಿಧಾನ ಹರಡಿತು. ಆಸ್ಟ್ರಿಯಾದ ಗ್ರಾಜ್ ನಗರದ ಮೆಸ್ಸರ್‌ಕ್ಲಿಂಗರ್ ಇದಕ್ಕೆ ಬುನಾದಿ ಹಾಕಿದವರು. ಆಪರೇಶನ್ ಆದ ಮೇಲೂ ಅಲರ್ಜಿ ಉಳಿಯುತ್ತದೆ, ಸ್ಪ್ರೇ ಮತ್ತು ತೊಳೆಯುವಿಕೆ ಮುಂದುವರಿಯಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. "ಮೂಗಿನ ಮೂಳೆ ಬೆಳೆದಿದೆ" ಎಂದು ಹೇಳುವುದು ಸಾಮಾನ್ಯವಾಗಿ ನಡುಗೋಡೆ ಒಂದು ಬದಿಗೆ ವಾಲಿರುವುದನ್ನು. ಇದು ಬಹಳ ಜನರಲ್ಲಿ ಇರುತ್ತದೆ. ತೊಂದರೆ ಇಲ್ಲದಿದ್ದರೆ ಮುಟ್ಟಬೇಕಾಗಿಲ್ಲ.

ಗೊರಕೆಯ ನಡುವಿನ ಮೌನ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ. ದಾರಿ ಕಿರಿದಾದರೆ ಅಂಗುಳ, ಕಿರುನಾಲಿಗೆ ಅದುರಿ ಸದ್ದಾಗುತ್ತದೆ. ಅದು ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೂ ಇಲ್ಲ, ಉಸಿರೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಚ್ಚರಿಸುತ್ತದೆ, ಉಸಿರು ಮರಳುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಇದಕ್ಕೆ ಸ್ಲೀಪ್ ಆಪ್ನಿಯ ಎಂದು ಹೆಸರು. ಇಂಥ ತಡೆಗಳು ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ಮೀರಿದರೆ ತೀವ್ರ. ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ವಾಹನ ಚಾಲಕರಾದರೆ ರಸ್ತೆಯಲ್ಲಿ ಇತರರಿಗೂ ಅಪಾಯ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಇದೇ ಮುಂಬಯಿಯಲ್ಲಿ 69ನೆಯ ವಯಸ್ಸಿನಲ್ಲಿ ನಿಧನರಾದಾಗ ವೈದ್ಯರು ಹೇಳಿದ ಕಾರಣ ಸ್ಲೀಪ್ ಆಪ್ನಿಯ. ಆ ಹೆಸರನ್ನು ಅನೇಕರು ಮೊದಲ ಬಾರಿಗೆ ಕೇಳಿದ್ದು ಆಗಲೇ.

ಸ್ಥೂಲಕಾಯ, ದಪ್ಪ ಕುತ್ತಿಗೆ, ಮದ್ಯಪಾನ, ನಿದ್ದೆಮಾತ್ರೆ ಇದನ್ನು ಹೆಚ್ಚಿಸುತ್ತವೆ. ಮುಟ್ಟು ನಿಂತ ಮೇಲೆ ಮಹಿಳೆಯರಲ್ಲೂ ಇದು ಹೆಚ್ಚು. ತೆಳ್ಳಗಿರುವವರಿಗೂ ದವಡೆ ಚಿಕ್ಕದಾಗಿದ್ದರೆ ಬರಬಹುದು.

ಪರೀಕ್ಷೆಗೆ ಮನೆಯಲ್ಲೇ ಒಂದು ಆರಂಭವಿದೆ. ಆಸ್ಟ್ರೇಲಿಯಾದ ಡಾ. ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಪಟ್ಟಿಯಲ್ಲಿ ಎಂಟು ಸಂದರ್ಭಗಳಿವೆ: ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕುಳಿತಾಗ, ವಾಹನದಲ್ಲಿ ಒಂದು ಗಂಟೆ ಪ್ರಯಾಣಿಸುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರೊಡನೆಯೋ ಕುಳಿತು ಮಾತಾಡುವಾಗ, ಊಟದ ನಂತರ ಕುಳಿತಾಗ, ಟ್ರಾಫಿಕ್‌ನಲ್ಲಿ ವಾಹನ ನಿಂತಾಗ. ಪ್ರತಿಯೊಂದರಲ್ಲೂ ತೂಕಡಿಕೆ ಬರುವ ಸಾಧ್ಯತೆಗೆ ಸೊನ್ನೆಯಿಂದ ಮೂರು ಅಂಕ. ಒಟ್ಟು 24ರಲ್ಲಿ 10 ದಾಟಿದರೆ ವೈದ್ಯರನ್ನು ಕಾಣಬೇಕು. ಅವರು ಸ್ಲೀಪ್ ಸ್ಟಡಿಗೆ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಮಾಡುವುದುಂಟು. ಈಗ ಮನೆಯಲ್ಲೇ ಬೆರಳಿಗೆ, ಎದೆಗೆ, ಮೂಗಿಗೆ ಉಪಕರಣ ಕಟ್ಟಿ ಮಾಡುವ ಸೌಲಭ್ಯವೂ ಇದೆ.

ಮಧ್ಯಮ ಮತ್ತು ತೀವ್ರ ತೊಂದರೆಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಜಗತ್ತಿಗೆ ತಿಳಿಸಿದ ಈ ಯಂತ್ರ ಮೂಗಿನ ಮೇಲಿನ ಮಾಸ್ಕ್ ಮೂಲಕ ಗಾಳಿಯ ಹಗುರ ಒತ್ತಡ ಕೊಟ್ಟು ಗಂಟಲಿನ ದಾರಿ ಮುಚ್ಚದಂತೆ ಹಿಡಿದಿಡುತ್ತದೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಬಾಡಿಗೆಗೂ ಸಿಗುವುದರಿಂದ ಮೊದಲು ಬಳಸಿ ನೋಡಬಹುದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸಂಜೆಯ ಮದ್ಯ ಬಿಡುವುದು ಎಲ್ಲರಿಗೂ ಸಲ್ಲುವ ಸಲಹೆ. ಸೌಮ್ಯ ತೊಂದರೆಗೆ ದಂತವೈದ್ಯರು ಮಾಡಿಕೊಡುವ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವೂ ಇದೆ. ಗಂಟಲಿನ ಆಪರೇಶನ್ ಆಯ್ದ ಕೆಲವರಿಗೆ ಮಾತ್ರ. ಮೂಗಿನ ಆಪರೇಶನ್ ಒಂದರಿಂದಲೇ ಆಪ್ನಿಯ ಹೋಗುವುದು ಅಪರೂಪ, ಆದರೆ ಮೂಗು ತೆರೆದರೆ ಮಾಸ್ಕ್ ಹಾಕಿ ಮಲಗುವುದು ಸುಲಭವಾಗುತ್ತದೆ. ಹೀಗಾಗಿ "ಒಂದೇ ದಿನದಲ್ಲಿ ಗೊರಕೆ ಮಾಯ" ಎಂಬ ಜಾಹೀರಾತು ನೋಡಿ ಹಣ ಕೊಡುವ ಮೊದಲು ಸ್ಲೀಪ್ ಸ್ಟಡಿ ಆಗಿದೆಯೇ ಎಂದು ಕೇಳಿಕೊಳ್ಳಬೇಕು.

ಮಕ್ಕಳು ಮತ್ತು ಅಪಾಯದ ಸೂಚನೆ

ಮಕ್ಕಳು ದಿನವೂ ಗೊರಕೆ ಹೊಡೆಯುತ್ತಾ ಬಾಯಿ ತೆರೆದು ಮಲಗುವುದು ಮುದ್ದಾದ ವಿಷಯವಲ್ಲ. ಮೂಗಿನ ಹಿಂಭಾಗದ ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿರಬಹುದು. ಅಂಥ ಮಕ್ಕಳು ತರಗತಿಯಲ್ಲಿ ಗಮನ ಕೊಡಲಾರರು, ಕಿವಿ ಮಂದವಾಗುವುದೂ ಉಂಟು. ಬೈಯುವ ಮೊದಲು ಪರೀಕ್ಷೆ ಮಾಡಿಸಬೇಕು.

ದೊಡ್ಡವರಲ್ಲಿ ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ತೀವ್ರ ತಲೆನೋವಿನೊಂದಿಗೆ ಜ್ವರ, ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಇವು ಕಾಯುವ ಲಕ್ಷಣಗಳಲ್ಲ. ಸಕ್ಕರೆ ಕಾಯಿಲೆಯವರ ಸೈನಸ್‌ನಲ್ಲಿ ಕಪ್ಪು ಶಿಲೀಂಧ್ರ ಎಷ್ಟು ವೇಗವಾಗಿ ಹಬ್ಬಬಲ್ಲುದು ಎಂಬುದನ್ನು 2021ರ ಕೋವಿಡ್ ಅಲೆಯಲ್ಲಿ ಮಹಾರಾಷ್ಟ್ರ ಕಂಡಿದೆ.

ಸಾಕ್ಷಿ ಹೇಳುವವರು ಯಾರು?

ಭಾವನವರ ಪರೀಕ್ಷೆಯಲ್ಲಿ ಉಸಿರಿನ ತಡೆ ಗಂಟೆಗೆ 42 ಬಾರಿ ಎಂದು ಬಂತು. ಮೊದಲು ಹನಿ ಬಿಡಿಸಿ ಸ್ಪ್ರೇ ಕೊಟ್ಟರು, ಆಮೇಲೆ ಯಂತ್ರ. ಮಾಸ್ಕ್ ನೋಡಿ "ನಾನೇನು ಐಸಿಯುನಲ್ಲಿದ್ದೇನೆಯೇ?" ಎಂದು ಎರಡು ವಾರ ಜಗಳವಾಡಿದರು. ಮೂರನೆಯ ವಾರ ಬೋರಿವಲಿಯಲ್ಲೇ ಇಳಿದರು. ಮೂರು ಬಗೆಯ ಮಾತ್ರೆಗೂ ಹತೋಟಿಗೆ ಬಾರದಿದ್ದ ರಕ್ತದೊತ್ತಡ ಕೆಲವು ತಿಂಗಳಲ್ಲಿ ಸ್ವಲ್ಪ ಇಳಿಯಿತು. ಅಕ್ಕ ರಾತ್ರಿ ಎದ್ದು ಲೆಕ್ಕ ಮಾಡುವುದು ನಿಂತಿತು.

ಬೇರೆ ಕಾಯಿಲೆಗಳಲ್ಲಿ ನೋವು ರೋಗಿಗೇ ತಿಳಿಯುತ್ತದೆ. ಇದರಲ್ಲಿ ಪಕ್ಕದಲ್ಲಿ ಮಲಗಿದವರಿಗೆ ಮಾತ್ರ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯವರೂ ಜೊತೆಗೆ ಹೋಗಬೇಕು, ಫೋನಿನಲ್ಲಿ ಒಂದು ನಿಮಿಷ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಊರಿನಲ್ಲಿ ಸಂಸಾರ ಬಿಟ್ಟು ಹೋಟೆಲ್, ಕ್ಯಾಂಟೀನ್‌ಗಳ ಕೋಣೆಯಲ್ಲಿ ನಾಲ್ಕೈದು ಮಂದಿಯೊಡನೆ ಮಲಗುವ ನಮ್ಮ ಹುಡುಗರಿಗೆ ಹಾಗೆ ಹೇಳುವವರು ಯಾರು? ಅಲ್ಲಿ ಗೊರಕೆಗೆ ಸಿಗುವುದು ಬೈಗುಳ ಮಾತ್ರ.

ನಮ್ಮ ಸಂಘ-ಸಂಸ್ಥೆಗಳು ವರ್ಷಂಪ್ರತಿ ಉಚಿತ ವೈದ್ಯಕೀಯ ಶಿಬಿರಗಳನ್ನು ನಡೆಸುತ್ತಾ ಬಂದಿವೆ. ರಕ್ತದೊತ್ತಡ, ಸಕ್ಕರೆ, ಕಣ್ಣು ಇವುಗಳ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಆ ಎಂಟು ಪ್ರಶ್ನೆಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ ಕೇಳುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಹೆಚ್ಚು ಅಂಕ ಬಂದವರನ್ನು ಪರೇಲ್‌ನ ಕೆ.ಇ.ಎಂ., ಸಯನ್, ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಜೊತೆಗೂಡಿ ಕರೆದೊಯ್ಯಲು ಇಬ್ಬರು ಕಾರ್ಯಕರ್ತರಿದ್ದರೆ ಸಾಕು. ಮುಂದಿನ ಸಲ ರಾತ್ರಿ ಬಸ್ಸಿನಲ್ಲಿ ಪಕ್ಕದವರ ಗೊರಕೆ ಕೇಳಿದರೆ ನಗುವುದು ಬೇಡ. ಬೆಳಿಗ್ಗೆ ಚಹಾಕ್ಕೆ ಬಸ್ಸು ನಿಂತಾಗ, ನಡುವೆ ಉಸಿರು ನಿಲ್ಲುತ್ತಿತ್ತೇ ಇಲ್ಲವೇ ಎಂಬುದನ್ನು ಅವರಿಗೆ ಹೇಳಿ.