ಪರದೇಶದ ಶಾಲೆಗೆ ಆಟದ ಅಂಗಳ: ಕೊಟ್ಟವರು ಮರಳಿದ ಮೇಲೆ

ಉಯ್ಯಾಲೆ, ಜಾರುಬಂಡಿ, ಸೀಸಾಗಳನ್ನು ತಯಾರಿಸಲು ಬೇಕಾಗುವುದು ಕಬ್ಬಿಣದ ಪೈಪು, ವೆಲ್ಡಿಂಗ್ ಯಂತ್ರ, ಬೇರಿಂಗ್, ಬಣ್ಣ ಹಾಗೂ ಕೆಲಸ ಬಲ್ಲ ಕೈಗಳು. ಸಣ್ಣ ಕಾರ್ಖಾನೆಗಳಲ್ಲಿ ಇವೆಲ್ಲವೂ ಇರುತ್ತವೆ. ಆದುದರಿಂದ ಬಡ ರಾಷ್ಟ್ರವೊಂದರ ಶಾಲೆಗೆ ಸ್ವಯಂಸೇವಕರಾಗಿ ತೆರಳಿ ಆಟದ ಸಾಧನಗಳನ್ನು ನಿರ್ಮಿಸಿಕೊಡುವ ಕಾರ್ಯವು ಉದ್ಯಮಿಗಳನ್ನು ಸಹಜವಾಗಿಯೇ ಆಕರ್ಷಿಸುತ್ತದೆ. ಉದ್ಘಾಟನೆಯ ದಿನ ಎಲ್ಲವೂ ಸುಸೂತ್ರವಾಗಿಯೇ ಇರುತ್ತದೆ. ಆದರೆ ಎರಡು ವರ್ಷಗಳ ನಂತರ ಬೇರಿಂಗ್ ಸವೆದಾಗ ಅದನ್ನು ಬದಲಾಯಿಸುವವರು ಯಾರು? ಈ ಸೇವೆಯ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ. ಇದನ್ನು ಮನಗಾಣಲು ಎರಡು ಪ್ರಯೋಗಗಳು ನೆರವಾಗುತ್ತವೆ.

ಪ್ಲೇಪಂಪ್ ಕಲಿಸಿದ ಪಾಠ

ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ‘ಪ್ಲೇಪಂಪ್’ ಎಂಬ ಸಾಧನ ಬಳಕೆಗೆ ಬಂದಿತು. ಮಕ್ಕಳು ತಿರುಗುಚಕ್ರದಲ್ಲಿ ಕುಳಿತು ಆಡಿದಂತೆ ಕೊಳವೆಬಾವಿಯ ನೀರು ಮೇಲೇರಿ 2,500 ಲೀಟರ್ ತೊಟ್ಟಿಯನ್ನು ಸೇರಬೇಕು. ತೊಟ್ಟಿಯ ಸುತ್ತಲಿನ ಜಾಹೀರಾತು ಫಲಕಗಳ ಆದಾಯದಿಂದ ದುರಸ್ತಿಯ ವೆಚ್ಚ ಹುಟ್ಟಬೇಕು. ಇದು ಯೋಜನೆ. 2000ದಲ್ಲಿ ಇದಕ್ಕೆ ವಿಶ್ವಬ್ಯಾಂಕಿನ ಪುರಸ್ಕಾರ ದೊರೆಯಿತು. 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. 2010ರೊಳಗೆ ಆಫ್ರಿಕಾದಲ್ಲಿ 4,000 ಪಂಪುಗಳನ್ನು ಸ್ಥಾಪಿಸುವ ಗುರಿಯೂ ನಿಗದಿಯಾಯಿತು.

ಆದರೆ ಲೆಕ್ಕ ಕೂಡಿಬರಲಿಲ್ಲ. ಒಂದು ಪಂಪಿನ ವೆಚ್ಚ ಸುಮಾರು 14,000 ಡಾಲರ್. ಅಂದರೆ ಸಾಧಾರಣ ಕೈಪಂಪಿನ ಹಲವು ಪಟ್ಟು. ಆಟದ ಚಕ್ರವು ಒಮ್ಮೆ ತಳ್ಳಿದರೆ ತಾನಾಗಿ ತಿರುಗುತ್ತದೆ. ನೀರೆತ್ತುವ ಚಕ್ರವನ್ನು ಸತತವಾಗಿ ತಳ್ಳುತ್ತಲೇ ಇರಬೇಕು. ಮಕ್ಕಳು ಬೇಗನೆ ದಣಿದರು. ಮಕ್ಕಳಿಲ್ಲದ ಹೊತ್ತಿನಲ್ಲಿ ಮಹಿಳೆಯರು ಬಾಗಿ ಆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಉದ್ದೇಶಿತ 2,500 ಜನರಿಗೆ ನೀರು ಒದಗಿಸಲು ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆಂದು ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಹಳ್ಳಿಗಾಡಿನ ಫಲಕಗಳಿಗೆ ಜಾಹೀರಾತುದಾರರು ದೊರೆಯಲಿಲ್ಲ. ಕೆಟ್ಟ ಪಂಪುಗಳಿಗೆ ಬಿಡಿಭಾಗಗಳು ಸ್ಥಳೀಯ ಅಂಗಡಿಗಳಲ್ಲಿ ಸಿಗಲಿಲ್ಲ. ಕೆಲವೆಡೆ ಚೆನ್ನಾಗಿದ್ದ ಕೈಪಂಪನ್ನೇ ಕಿತ್ತು ಇದನ್ನು ಕೂರಿಸಿದ್ದರಿಂದ ಇದ್ದ ನೀರಿಗೂ ಸಂಚಕಾರ ಬಂದಿತು. ಪ್ರಮುಖ ದಾನಿಯಾಗಿದ್ದ ಕೇಸ್ ಪ್ರತಿಷ್ಠಾನವು ಗುರಿ ತಲುಪಲಾಗಲಿಲ್ಲವೆಂದು 2010ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಆ ಪ್ರಾಮಾಣಿಕತೆ ಶ್ಲಾಘನೀಯ. ಆದರೆ ಹಳ್ಳಿಯವರಲ್ಲಿ ಮೊದಲೇ ವಿಚಾರಿಸಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ಸಾಧನದ ಬದಲು ನಕ್ಷೆ

ಆಸ್ಟ್ರೇಲಿಯಾದ ಮಾರ್ಕಸ್ ವೀರ್‌ಮನ್ ಅವರ ಮಾರ್ಗ ಬೇರೆ. ಥಾಯ್ಲೆಂಡಿನಲ್ಲಿ ನೆಲೆಸಿದ್ದಾಗ ಅವರು ಅಲ್ಲಿನ ಶಾಲೆಗಳಿಗೆ ಆಟದ ಅಂಗಳಗಳನ್ನು ಕಟ್ಟಿಕೊಡತೊಡಗಿದರು. ಒಂದು ಶಾಲೆ ನೋಡಿ ಮತ್ತೊಂದು ಶಾಲೆ ಕೇಳಿತು. ಎಲ್ಲೆಡೆ ತಾವೇ ಹೋಗಿ ಕಟ್ಟುವುದು ಅಸಾಧ್ಯವೆಂದರಿತು ‘ಪ್ಲೇಗ್ರೌಂಡ್ ಐಡಿಯಾಸ್’ ಎಂಬ ಸಂಸ್ಥೆಯ ಮೂಲಕ ವಿನ್ಯಾಸಗಳನ್ನೂ ನಿರ್ಮಾಣ ಕೈಪಿಡಿಗಳನ್ನೂ ಉಚಿತವಾಗಿ ಒದಗಿಸಿದರು. ಹಳೆಯ ಟೈರು, ಮರ, ಬಿದಿರು, ಹಗ್ಗ ಮುಂತಾಗಿ ಆಯಾ ಊರಿನಲ್ಲಿ ದೊರೆಯುವ ಸಾಮಗ್ರಿಗಳೇ ಇಲ್ಲಿ ಮೂಲಧನ. ಊರಿನ ಬಡಗಿ ಕಟ್ಟಿದ್ದನ್ನು ಊರಿನ ಬಡಗಿಯೇ ರಿಪೇರಿ ಮಾಡಬಲ್ಲ. ಬೆಂಗಳೂರು ಮೂಲದ ‘ಆಂಟ್‌ಹಿಲ್ ಕ್ರಿಯೇಷನ್ಸ್’ ಸಂಸ್ಥೆಯೂ ಹಳೆಯ ಟೈರುಗಳಿಂದ ಸಮುದಾಯದ ಸಹಭಾಗಿತ್ವದಲ್ಲಿ ಆಟದ ಅಂಗಳಗಳನ್ನು ನಿರ್ಮಿಸುತ್ತ ಬಂದಿರುವುದು ಇಲ್ಲಿ ಸ್ಮರಣೀಯ.

ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ

ಉಚಿತವಾಗಿ ಕೊಡುವ ವಸ್ತುವಿಗೂ ಮಾರುವ ವಸ್ತುವಿನ ಗುಣಮಟ್ಟವೇ ಇರಬೇಕು. ಆಟದ ಸಾಧನಗಳಿಗೆ ಯುರೋಪಿನ ಇಎನ್ 1176, ಅಮೆರಿಕದ ಎಎಸ್‌ಟಿಎಂ ಎಫ್ 1487 ಮಾನದಂಡಗಳಿವೆ. ಮಗುವಿನ ತಲೆ ಸಿಕ್ಕಿಕೊಳ್ಳದಂತೆ ಕಂಬಿಗಳ ನಡುವಣ ಸಂದು ಮೂರೂವರೆ ಅಂಗುಲಕ್ಕಿಂತ ಕಡಿಮೆ ಅಥವಾ ಒಂಬತ್ತು ಅಂಗುಲಕ್ಕಿಂತ ಹೆಚ್ಚು ಇರಬೇಕೆಂಬುದು ಅಮೆರಿಕದ ನಿಯಮ. ಉಯ್ಯಾಲೆಗೆ ಗಟ್ಟಿ ಹಲಗೆ ಅಥವಾ ಲೋಹದ ಪೀಠ ಸಲ್ಲದು. ಕೆಳಗೆ ಕಾಂಕ್ರೀಟ್ ಬದಲು ಮರಳು ಅಥವಾ ಮರದ ಚಕ್ಕೆಯ ದಪ್ಪ ಹಾಸು ಬೇಕು. ತಂತಿ ಹೊರಚಾಚಿದ ಟೈರುಗಳನ್ನು ತ್ಯಜಿಸಬೇಕು. ಉಳಿದವುಗಳಿಗೆ ತೂತು ಕೊರೆಯಬೇಕು. ಇಲ್ಲವಾದರೆ ಮಳೆನೀರು ನಿಂತು ಸೊಳ್ಳೆಗಳಿಗೆ ಆಶ್ರಯವಾಗುತ್ತದೆ.

ತೆರಳುವ ಮುನ್ನ

ಈ ಸೇವೆಗೆ ಮನಸ್ಸು ಮಾಡುವ ಉದ್ಯಮಿಗಳು ಕೆಲವು ಅಂಶಗಳನ್ನು ಗಮನಿಸುವುದು ಒಳಿತು.

• ಶಾಲೆಯ ಬೇಡಿಕೆ ಮೊದಲು ತಿಳಿಯಲಿ. ಶೌಚಾಲಯ ಅಥವಾ ನೀರು ಹೆಚ್ಚು ಅಗತ್ಯವೆಂದು ಶಿಕ್ಷಕರು ಹೇಳಿದಲ್ಲಿ ಅದನ್ನು ಮನ್ನಿಸಬೇಕು.

• ನಟ್ಟು, ಬೋಲ್ಟು, ಬೇರಿಂಗುಗಳು ಆ ಊರಿನ ಸಮೀಪದ ಪೇಟೆಯಲ್ಲಿ ದೊರೆಯುವ ಅಳತೆಯವೇ ಆಗಿರಲಿ.

• ಸ್ಥಳೀಯ ವೆಲ್ಡರ್ ಒಬ್ಬರನ್ನು ಕೂಲಿ ಕೊಟ್ಟು ಜೊತೆಗಿರಿಸಿಕೊಂಡು, ನಕ್ಷೆಯ ಪ್ರತಿಯನ್ನು ಅವರಿಗೂ ಶಾಲೆಗೂ ಒಪ್ಪಿಸಬೇಕು.

• ವೇತನವಿಲ್ಲದ ದುಡಿಮೆಯನ್ನೂ ಹಲವು ದೇಶಗಳು ಕೆಲಸವೆಂದೇ ಪರಿಗಣಿಸುತ್ತವೆ. ಪ್ರವಾಸಿ ವೀಸಾ ಸಾಲದಿರಬಹುದು.

• 2013ರ ಕಂಪನಿ ಕಾಯ್ದೆಯಡಿ ಸಾಮಾಜಿಕ ಹೊಣೆಗಾರಿಕೆಗೆ ಒಳಪಡುವ ಸಂಸ್ಥೆಗಳು, ಭಾರತದ ಹೊರಗೆ ಕೈಗೊಂಡ ಇಂತಹ ಕಾರ್ಯದ ವೆಚ್ಚವನ್ನು ಆ ಲೆಕ್ಕಕ್ಕೆ ತೋರಿಸಲಾಗದು. ಇದು ಕೇವಲ ಸ್ವಂತ ದಾನವೇ ಸರಿ.

ಗಿರಾಕಿಗೆ ಯಂತ್ರ ಮಾರಿದ ವ್ಯಾಪಾರಿ ಮಾರಾಟಾನಂತರದ ಸೇವೆಯನ್ನು ಮರೆತರೆ ಎರಡನೆಯ ಆರ್ಡರು ಬರುವುದಿಲ್ಲ. ದಾನ ಪಡೆದ ಶಾಲೆಗೆ ಹಾಗೆ ಮುಖ ತಿರುಗಿಸುವ ಅವಕಾಶವಿರುವುದಿಲ್ಲ; ಮುರಿದ ಉಯ್ಯಾಲೆಯನ್ನು ನೋಡುತ್ತ ಅಲ್ಲಿನ ಮಕ್ಕಳು ಸುಮ್ಮನಿರಬೇಕಾಗುತ್ತದೆ. ಆ ಕಾರಣದಿಂದಲೇ ಕೊಡುವವರ ಹೊಣೆ ಮಾರುವವರ ಹೊಣೆಗಿಂತ ಹಿರಿದು.